ಸಹಾಯ ಬೇಕು: ಬೆಳಗಾವಿಯಲ್ಲಿ ಮೆಗ್ನೀಸಿಯಂ ಚಕ್ರಗಳನ್ನು ಬಣ್ಣಕ್ಕೆ ಸಿದ್ಧಪಡಿಸುವವರಿದ್ದಾರೆಯೇ?

ಎಲ್ಲರಿಗೂ ನಮಸ್ಕಾರ. ನನ್ನ ಹಳೆಯ ಮೋಟಾರ್‌ಸೈಕಲ್ಲಿನ ಮೆಗ್ನೀಸಿಯಂ ಮಿಶ್ರಲೋಹದ ಚಕ್ರಗಳಲ್ಲಿ ಬಣ್ಣ ಎದ್ದು, ಅಂಚಿನಗುಂಟ ಬಿಳಿ ಪುಡಿ ಕಾಣಿಸಿಕೊಂಡಿದೆ. ಇಲ್ಲಿನ ಉದ್ಯಮಬಾಗ ಕೈಗಾರಿಕಾ ಪ್ರದೇಶದಲ್ಲಿ ವಿಚಾರಿಸಿದಲ್ಲೆಲ್ಲ ಅಲ್ಯೂಮಿನಿಯಂ ಚಕ್ರದಂತೆಯೇ ಆಸಿಡ್‌ನಲ್ಲಿ ಅದ್ದಿ, ಶಾಟ್‌ಬ್ಲಾಸ್ಟ್ (ಉಕ್ಕಿನ ಸಣ್ಣ ಗುಂಡುಗಳನ್ನು ರಭಸದಿಂದ ಹೊಡೆದು ಶುಚಿಗೊಳಿಸುವುದು) ಮಾಡಿಕೊಡುವುದಾಗಿ ಹೇಳುತ್ತಾರೆ. ಆದರೆ ಸಾಮಾನ್ಯ ಆಸಿಡ್ ಈ ಲೋಹವನ್ನೇ ತಿನ್ನುತ್ತದೆ, ಉಕ್ಕಿನ ಗುಂಡುಗಳಿಂದ ಹುದುಗಿ ಉಳಿಯುವ ಕಬ್ಬಿಣದ ಕಣಗಳು ತೇವ ತಗುಲಿದಾಗ ತುಕ್ಕಿನಂಥ ಸವೆತವನ್ನು ಹೆಚ್ಚಿಸುತ್ತವೆ, ಉಜ್ಜುವಾಗ ಏಳುವ ನುಣ್ಣನೆಯ ಧೂಳಂತೂ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ ಮತ್ತು ಆ ಬೆಂಕಿಗೆ ನೀರು ಹಾಕುವಂತಿಲ್ಲ, ಒಣ ಮರಳೇ ಬೇಕು. ಚಕ್ರವೆಂದರೆ ಜೀವದ ಪ್ರಶ್ನೆಯಾದ್ದರಿಂದ ಇದರಲ್ಲಿ ರಾಜಿ ಮಾಡಿಕೊಳ್ಳಲಾರೆ. ಹಳೆಯ ಬಣ್ಣ ತೆಗೆದು, ಡೈ ಪೆನಿಟ್ರಂಟ್‌ನಿಂದ (ಬಿರುಕಿಗೆ ಇಳಿದು ಅದನ್ನು ತೋರಿಸುವ ಬಣ್ಣದ ದ್ರವ) ಬಿರುಕು ಪರೀಕ್ಷಿಸಿ, ಲೋಹವನ್ನು ಕಾಪಾಡುವ ಕ್ರೋಮೇಟ್ ಲೇಪನ ಕೊಟ್ಟು, ತಡಮಾಡದೆ ಎಪಾಕ್ಸಿ ಪ್ರೈಮರ್ (ತಳಬಣ್ಣ) ಹೊಡೆಯಬಲ್ಲ ಅನುಭವಿಗಳು ಬೆಳಗಾವಿ, ಹುಬ್ಬಳ್ಳಿ ಅಥವಾ ಕೊಲ್ಹಾಪುರದಲ್ಲಿದ್ದರೆ ದಯವಿಟ್ಟು ತಿಳಿಸಿರಿ. ಮೇಲಿನ ಬಣ್ಣವನ್ನು ನಾನೇ ಹಚ್ಚಿಕೊಳ್ಳುತ್ತೇನೆ.