ಕರಾಟೆ ಕ್ಲಾಸ್ ಮತ್ತೆ ಶುರು ಆಗ್ತಿದೆ, ಮಕ್ಕಳನ್ನು ಕಳಿಸೋದಾ? (ಹೊರದೇಶದ ಮಲೆನಾಡಿಗರ ಗುಂಪಿನ ಚರ್ಚೆ, ಕೊರೊನಾ ಕಾಲ, ಆಗಸ್ಟ್ 2020)

ಗೋಪಾಳದ ಅಮ್ಮ (ದೋಹಾದಿಂದ ವಾಪಸ್)
ಎಲ್ಲರಿಗೂ ನಮಸ್ಕಾರ. ನಾವು ಜೂನ್‌ನಲ್ಲಿ, ಕೊರೊನಾದಿಂದ ಹೊರದೇಶದಲ್ಲಿ ಸಿಕ್ಕಿಕೊಂಡವರನ್ನು ಕರೆತರಲು ಸರ್ಕಾರ ಬಿಟ್ಟ ವಂದೇ ಭಾರತ್ ವಿಮಾನದಲ್ಲಿ ಊರಿಗೆ ಬಂದವರು. ಸದ್ಯ ಶಿವಮೊಗ್ಗದ ಗೋಪಾಳದಲ್ಲಿ ಅತ್ತೆ ಮಾವನ ಜೊತೆ ಇದ್ದೇವೆ. ಮಗಳಿಗೆ 13, ಮಗನಿಗೆ 9. ಇಬ್ಬರೂ ದೋಹಾದಲ್ಲಿ ಕರಾಟೆ ಕಲಿಯುತ್ತಿದ್ದರು. ಆಗಸ್ಟ್ 5ರಿಂದ ಜಿಮ್ ತೆಗೆಯಬಹುದು ಎಂದಿದ್ದಾರಲ್ಲ, ಅದೇ ಲೆಕ್ಕದಲ್ಲಿ ಇಲ್ಲಿನ ಮಾಸ್ಟರ್ ಸೋಮವಾರದಿಂದ ಕ್ಲಾಸ್ ಶುರು ಮಾಡ್ತಾರಂತೆ. ಹಾಲ್ 20 ಅಡಿ ಅಗಲ, 30 ಅಡಿ ಉದ್ದ. ಕಿಟಕಿ ಒಂದೇ ಪಕ್ಕ. ಮಳೆ ಬಡಿದರೆ ಅದನ್ನೂ ಮುಚ್ಚಬೇಕು. ಮಾವನಿಗೆ ವಯಸ್ಸಾಗಿದೆ, ಸಕ್ಕರೆ ಕಾಯಿಲೆ ಬೇರೆ. ಮಾಸ್ಟರ್ ಒಳ್ಳೆಯವರು. “ಏನೇನು ಮಾಡಬೇಕು ಅಂತ ಬರೆದುಕೊಡಿ ಮೇಡಂ, ಹಾಗೇ ಮಾಡ್ತೀನಿ” ಎಂದರು. ನಿಮ್ಮ ಕಡೆ ಕ್ಲಾಸ್ ತೆಗೆದಿದ್ದರೆ ಹೇಗೆ ನಡೆಸುತ್ತಿದ್ದಾರೆ, ದಯವಿಟ್ಟು ತಿಳಿಸಿ.

ತೀರ್ಥಹಳ್ಳಿ ಅಕ್ಕ, ಸಿಂಗಾಪುರ
ಇಲ್ಲಿ ಜೂನ್ 19ರಿಂದ ಕ್ಲಾಸ್ ನಡೆಸಲು ಬಿಟ್ಟಿದ್ದಾರೆ. ಐದೈದು ಜನರ ಗುಂಪು. ಒಬ್ಬರಿಂದೊಬ್ಬರಿಗೆ 2 ಮೀಟರ್, ಗುಂಪಿನಿಂದ ಗುಂಪಿಗೆ 3 ಮೀಟರ್. ನೆಲದ ಮೇಲೆ ಟೇಪ್ ಅಂಟಿಸಿ ಚೌಕ ಮಾಡಿದ್ದಾರೆ, ಮಕ್ಕಳು ಚೌಕ ಬಿಟ್ಟು ಆಚೆ ಬರಬಾರದು. ನನ್ನ ಮಗ ಮೊದಲ ದಿನವೇ ಪಕ್ಕದ ಚೌಕಕ್ಕೆ ಹಾರಿ ಬೈಸಿಕೊಂಡ. ಯೂನಿಫಾರ್ಮ್ ಮನೆಯಿಂದಲೇ ಹಾಕಿಕೊಂಡು ಹೋಗಬೇಕು, ಅಪ್ಪ ಅಮ್ಮ ಬಾಗಿಲಿಂದ ಒಳಗೆ ಕಾಲಿಡೋ ಹಾಗಿಲ್ಲ.

ಸಾಗರದ ಡಾಕ್ಟರ್, ಬರ್ಮಿಂಗ್‌ಹ್ಯಾಮ್
ಗೋಪಾಳದ ಅಮ್ಮನವರೇ, ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ. ದಕ್ಷಿಣ ಕೊರಿಯಾದ ಚೋನಾನ್ ಎಂಬ ಊರಲ್ಲಿ ಫೆಬ್ರವರಿಯಲ್ಲಿ ಡ್ಯಾನ್ಸ್ ಫಿಟ್‌ನೆಸ್ ಹೇಳಿಕೊಡುವವರ ಒಂದು ಕಾರ್ಯಾಗಾರ ಆಯ್ತು. ಅಲ್ಲಿ ಸೋಂಕು ಹತ್ತಿಸಿಕೊಂಡ ಶಿಕ್ಷಕರು ತಮ್ಮ ತಮ್ಮ ಕ್ಲಾಸಿಗೆ ಹೋದರು. ಕೊನೆಗೆ ಅದರ ಲೆಕ್ಕಕ್ಕೆ 112 ಕೇಸ್ ಬಂತು. ಆ ಹಾಲ್‌ಗಳು ಸುಮಾರು 60 ಚದರ ಮೀಟರ್. ನಿಮ್ಮ ಮಾಸ್ಟರ್ ಹಾಲ್ 56ಕ್ಕೆ ಚೂರು ಕಮ್ಮಿ ಬರುತ್ತದೆ, ಹೆಚ್ಚು ಕಮ್ಮಿ ಅಷ್ಟೇ. ಆದರೆ ಐದಕ್ಕಿಂತ ಕಮ್ಮಿ ಜನ ಇದ್ದ ಕ್ಲಾಸ್‌ಗಳಲ್ಲಿ ಕೇಸ್ ಕಾಣಿಸಲಿಲ್ಲ. ಸೋಂಕಿದ್ದ ಒಬ್ಬ ಶಿಕ್ಷಕರು ಏಳೆಂಟು ಜನಕ್ಕೆ ಪಿಲಾಟೆಸ್, ಯೋಗ ಹೇಳಿಕೊಟ್ಟಿದ್ದರು. ಅದು ನಿಧಾನದ ವ್ಯಾಯಾಮ, ಅಲ್ಲೂ ಯಾರಿಗೂ ಹತ್ತಲಿಲ್ಲ. ಅಂದರೆ ಚಿಕ್ಕ ಜಾಗ, ಜಾಸ್ತಿ ಜನ, ಜೋರು ಏದುಸಿರು, ಈ ಮೂರೂ ಸೇರಬಾರದು.

ಕೊರೊನಾಕ್ಕಾಗಿ ನಮ್ಮ ಕೇಂದ್ರ ಸರ್ಕಾರ ಈಗ ಮಾಡಿದ ಜಿಮ್ ನಿಯಮದಲ್ಲಿ ಒಬ್ಬರಿಗೆ 4 ಚದರ ಮೀಟರ್ ಜಾಗ ಬೇಕು ಎಂದಿದೆ. ಆ ಲೆಕ್ಕ ಹಿಡಿದರೆ ನಿಮ್ಮ ಹಾಲ್‌ಗೆ 13 ಜನ ಹಿಡಿಸುತ್ತಾರೆ. ನಾನಾದರೆ ಮಾಸ್ಟರ್ ಬಿಟ್ಟು ನಾಲ್ಕು ಮಕ್ಕಳ ಮೇಲೆ ಬಿಡುವುದಿಲ್ಲ, ಅದೂ ದಿನಾ ಅದೇ ನಾಲ್ಕು ಮಕ್ಕಳು. ಒಬ್ಬನಿಗೆ ಜ್ವರ ಬಂದರೆ ನಾಲ್ಕೇ ಮನೆಗೆ ಫೋನ್ ಮಾಡಿದರೆ ಸಾಕಲ್ವಾ? ಸದ್ಯಕ್ಕೆ ಕಟಾ (ಒಬ್ಬರೇ ಮಾಡುವ ವರಸೆ) ಮಾತ್ರ, ಕುಮಿತೆ (ಎದುರುಬದುರು ಕಾದಾಟ) ಬೇಡ. ಪ್ಯಾಡ್ ಹಿಡಿದು ಒದೆಸುವುದೂ ಬೇಡ. ‘ಕಿಯಾಯ್’ ಅಂತ ಕೂಗಿಸಲೇಬೇಡಿ. ಆ ನಿಯಮದಲ್ಲಿ ಕೂಗಾಟ, ನಗೆ ಯೋಗ ಕೂಡದು ಎಂದೇ ಬರೆದಿದ್ದಾರೆ. ಹತ್ತು ವರ್ಷದ ಕೆಳಗಿನವರು ಮುಚ್ಚಿದ ಜಿಮ್‌ಗೆ ಬರುವುದು ಬೇಡ ಅಂತಲೂ ಇದೆ. ಹಾಗಾಗಿ ಮಗನನ್ನು ಹಾಲ್‌ಗೆ ಕಳಿಸಬೇಡಿ. ಮಗಳ ವಿಷಯ, ಮಾವನವರ ಆರೋಗ್ಯ ನೋಡಿಕೊಂಡು ನೀವೇ ತೀರ್ಮಾನ ಮಾಡಿ.

ಹೊಸನಗರದ ಹಿರಿಯ, ಹ್ಯೂಸ್ಟನ್
ಎಂಥ ಹೆದರಿಕೆ ಮಾರಾಯ್ರೆ! ಟೇಪ್ ಅಂಟಿಸಿ ಚೌಕದಲ್ಲಿ ನಿಲ್ಲಿಸಿ ಕಲಿಸಿದರೆ ಅದು ಕರಾಟೆಯಾ, ಕುಂಟೆಬಿಲ್ಲೆಯಾ? ಕೂಗದೆ ಗುದ್ದುವುದು ಯಾವ ವಿದ್ಯೆ? ನಾವು ಜಿಗಣೆ ಕಚ್ಚಿಸಿಕೊಂಡು, ಹೊಳೆ ದಾಟಿ ಶಾಲೆಗೆ ಹೋದವರು. ಗರಡಿ ಮನೆಯಲ್ಲಿ ಒಬ್ಬರ ಬೆವರು ಒಬ್ಬರಿಗೆ ಮೆತ್ತಿಕೊಂಡೇ ಬೆಳೆದೆವು. ಮಂಗನ ಕಾಯಿಲೆ 1957ರಿಂದ ಮಲೆನಾಡಿನಲ್ಲಿದೆ, ಕಾಡಿಗೆ ಹೋಗುವುದು ಬಿಟ್ಟೆವಾ? ಹೊರದೇಶದಲ್ಲಿ ಸಾಕಿದ ಮಕ್ಕಳು ಗಾಜಿನ ಬುಡ್ಡಿ ಹಾಗೆ. ಊರಿಗೆ ಹೋಗಿದ್ದೀರಿ, ಊರಿನ ಹಾಗೆ ಬೆಳೆಸಿ. ಇಲ್ಲದಿದ್ದರೆ ವಾಪಸ್ ಬಂದದ್ದಾದರೂ ಯಾಕೆ?

ಅರಳಗೋಡಿನ ಸೊಸೆ, ಡಬ್ಲಿನ್
ಹಿರಿಯರೇ, ಮಂಗನ ಕಾಯಿಲೆ ಹರಡುವುದು ಉಣುಗಿನಿಂದ. ಮನುಷ್ಯರಿಂದ ಮನುಷ್ಯರಿಗೆ ಬರುವುದಿಲ್ಲ. 2019ರಲ್ಲಿ ನಮ್ಮೂರಲ್ಲಿ ಜನ ಸತ್ತಾಗ ನೀವು ಹ್ಯೂಸ್ಟನ್‌ನಲ್ಲಿದ್ದಿರಿ. ಅತ್ತೆ ಕಾಡಿನಿಂದ ದರಕು (ಒಣಗಿದ ಎಲೆ) ತರಲು ಹೋಗುವಾಗ ಉಣುಗು ಹತ್ತದಿರಲಿ ಅಂತ ಡಿಎಂಪಿ ಎಣ್ಣೆ ಕೈಕಾಲಿಗೆಲ್ಲ ಹಚ್ಚಿಕೊಂಡು ಹೋಗುತ್ತಿದ್ದರು. ಲಸಿಕೆಯನ್ನೂ ಹಾಕಿಸಿಕೊಂಡಿದ್ದರು. ಅವರೇನು ಗಾಜಿನ ಬುಡ್ಡಿಯಾ?

ಹೊಸನಗರದ ಹಿರಿಯ, ಹ್ಯೂಸ್ಟನ್
ನಾನು ಹೇಳಿದ್ದು ಧೈರ್ಯದ ವಿಷಯ. ಎಣ್ಣೆ ವಿಷಯ ಅಲ್ಲ. ಈ ಗುಂಪಿನಲ್ಲಿ ಹಿರಿಯರು ಏನು ಹೇಳಿದರೂ ತಪ್ಪು.

ಕೊಪ್ಪದವನು, ಮೆಲ್ಬರ್ನ್
ಹಿರಿಯರು ಹೇಳಿದ್ದರಲ್ಲಿ ಒಂದು ಮಾತು ನಿಜ. ಊರಲ್ಲಿ ಇರಬೇಕಿತ್ತು. ಇಲ್ಲಿ ರಾತ್ರಿ 8ರಿಂದ ಬೆಳಿಗ್ಗೆ 5ರವರೆಗೆ ಕರ್ಫ್ಯೂ. ಅಮ್ಮ ಒಬ್ಬರೇ ಮನೆಯಲ್ಲಿ. ಮಾಡಿನ ಹಂಚು ಜಾರಿ ಅಡಿಗೆಮನೆ ಸೋರುತ್ತಿದೆಯಂತೆ. ಹಂಚು ಸರಿ ಮಾಡುವವನು ಬಂದನಾ ಅಂತ ವಿಡಿಯೋ ಕಾಲ್‌ನಲ್ಲಿ ಕೇಳುವುದು ಬಿಟ್ಟು ನಾನು ಇಲ್ಲಿಂದ ಏನು ಮಾಡಲಿ? ಮಗಳು ಕರಾಟೆ ಬಿಟ್ಟಳು, ಮಾತೂ ಕಮ್ಮಿ ಆಗಿದೆ. ಗೋಪಾಳದ ಅಮ್ಮ, ನಿಮ್ಮ ಮಕ್ಕಳಿಗೆ ಅಜ್ಜ ಇದ್ದಾರಲ್ಲ, ಅದೇ ದೊಡ್ಡದು.

ಭದ್ರಾವತಿ ಹುಡುಗಿ, ನ್ಯೂಜೆರ್ಸಿ
ನಮ್ಮಲ್ಲಿ ಜಿಮ್ ಒಳಗೆ ಇನ್ನೂ ಬಿಟ್ಟಿಲ್ಲ. ಮಾಸ್ಟರ್ ಪಾರ್ಕಿಂಗ್ ಜಾಗದಲ್ಲೇ ಕ್ಲಾಸ್ ಮಾಡ್ತಾರೆ, ಬಿಸಿಲಿಗೆ ಡಾಂಬರು ಸುಡುತ್ತೆ ಅಂತ ಮಕ್ಕಳಿಗೆ ಶೂ. ನನ್ನ ಮಗಳು ಬ್ರೌನ್ ಬೆಲ್ಟ್. ಜೊತೆಗೆ ಭರತನಾಟ್ಯ, ಕನ್ನಡ ಶಾಲೆ, ಎಲ್ಲಾ ಆನ್‌ಲೈನ್. ಮನಸ್ಸಿದ್ದರೆ ಎಲ್ಲಾ ಆಗುತ್ತೆ ಅಂತ ಹೇಳಿದೆ ಅಷ್ಟೇ.

ಸೊರಬದವನು, ಮಸ್ಕತ್
ಪಾರ್ಕಿಂಗ್ ಜಾಗ ಅಂದಾಗ ನೆನಪಾಯ್ತು. ಶಿವಮೊಗ್ಗದಲ್ಲಿ ಈ ಮಳೆಗೆ ಬಯಲಲ್ಲಿ ಆಗಲ್ಲ, ಸರಿ. ಆದರೆ ಗಾಜನೂರು ದಾರಿಯಲ್ಲಿ ನಮ್ಮ ಭಾವನ ಅಡಿಕೆ ಅಂಗಳ ಇದೆ. ಮೇಲೆ ಶೀಟ್ ಹಾಕಿದ್ದಾರೆ, ನಾಲ್ಕೂ ಪಕ್ಕ ಖಾಲಿ, ಗಾಳಿ ಆರಾಮಾಗಿ ಆಡುತ್ತೆ. ಈಗ ಅಡಿಕೆ ಇಲ್ಲ, ಅಂಗಳ ಸುಮ್ನೆ ಬಿದ್ದಿದೆ. ಸಿಮೆಂಟ್ ನೆಲ, ಮ್ಯಾಟ್ ಬೇಕಾಗುತ್ತೆ. ಮಾಸ್ಟರ್ ಬಳಿ ಕೇಳಿ ನೋಡಿ, ಭಾವನಿಗೆ ನಾನು ಹೇಳ್ತೀನಿ. ಇನ್ನೊಂದು. ಮಾರ್ಚ್‌ನಿಂದ ಮಾಸ್ಟರ್‌ಗೆ ಫೀ ಬಂದಿರಲ್ಲ, ಹಾಲ್ ಬಾಡಿಗೆ ನಿಂತಿರಲ್ಲ. ನಾಲ್ಕು ಮಕ್ಕಳ ಬ್ಯಾಚ್ ಅಂದರೆ ಅವರಿಗೆ ಏನು ಗಿಟ್ಟುತ್ತೆ? ಮಗ ಬರದಿದ್ದರೂ ಅವನ ಫೀ ಕೊಡಿ.

ಸಾಗರದ ಡಾಕ್ಟರ್, ಬರ್ಮಿಂಗ್‌ಹ್ಯಾಮ್
ಅಂಗಳ ಸಿಕ್ಕಿದರೆ ಬಹಳ ಒಳ್ಳೆಯದು. ಆಗಲೂ ಕುಮಿತೆ ಬೇಡ. ಜೋಡಿಸುವ ಮ್ಯಾಟ್ ಆದರೆ ಸಂದು ಸಂದಿನಲ್ಲೂ ಒರೆಸಿ. ಈ ಥಂಡಿಗೆ ಬೇಗ ಒಣಗಲ್ಲ, ಒದ್ದೆಯಲ್ಲೇ ಸುತ್ತಿಟ್ಟರೆ ಬೂಸಲು ಹಿಡಿಯುತ್ತೆ.

ಹೊಸನಗರದ ಹಿರಿಯ, ಹ್ಯೂಸ್ಟನ್
ಅಡಿಕೆ ಅಂಗಳದಲ್ಲಿ ಕರಾಟೆ. ಚೆನ್ನಾಗಿದೆ! ಸೊರಬದವರೇ, ಭಾವನ ತೋಟ ಎಷ್ಟು ಎಕರೆ? ಕೊಳೆ ರೋಗಕ್ಕೆ ಮದ್ದು ಹೊಡೆಸಿದ್ದಾರಾ?

ಅರಳಗೋಡಿನ ಸೊಸೆ, ಡಬ್ಲಿನ್
ಕೊಳೆ ಬರುವ ಮುಂಚೆಯೇ ಬೋರ್ಡೋ ಮದ್ದು ಹೊಡೆಸುತ್ತಾರೆ, ಹಿರಿಯರೇ. ಅಡಿಕೆಗೆ ಮಾತ್ರ ಮುಂಜಾಗ್ರತೆ, ಮಕ್ಕಳಿಗೆ ಧೈರ್ಯ ಸಾಕಾ?

ಗೋಪಾಳದ ಅಮ್ಮ (ದೋಹಾದಿಂದ ವಾಪಸ್)
ಎಲ್ಲರಿಗೂ ಧನ್ಯವಾದ. ಡಾಕ್ಟರ್ ಬರೆದದ್ದನ್ನು ಮಾಸ್ಟರ್‌ಗೆ ಓದಿ ಹೇಳಿದೆ. ನಾಲ್ಕು ಮಕ್ಕಳ ಬ್ಯಾಚ್‌ಗೆ ಒಪ್ಪಿದರು. ಕಿಯಾಯ್ ಬಿಡುವುದಕ್ಕೆ ಮಾತ್ರ ಮುಖ ಸಣ್ಣ ಮಾಡಿದರು. ಮಗನಿಗೆ ಸದ್ಯ ಮನೆ ಜಗಲಿಯಲ್ಲೇ ಅಕ್ಕನಿಂದ ಪಾಠ. ಅವಳು ಮಾಸ್ಟರ್‌ಗಿಂತ ಜೋರು. ಫೀ ಇಬ್ಬರದೂ ಕೊಡುತ್ತೇವೆ. ಯೂನಿಫಾರ್ಮ್ ದಿನಾ ಒಗೆಯಬೇಕು, ಇಲ್ಲಿ ಬಿಸಿಲೇ ಇಲ್ಲ. ಅತ್ತೆ ಬಚ್ಚಲ ಒಲೆ ಮೇಲೆ ಹಗ್ಗ ಕಟ್ಟಿ ಒಣಗಿಸುತ್ತಿದ್ದಾರೆ. ಎಲ್ಲಾ ಹೊಗೆ ವಾಸನೆ, ಮಗಳದ್ದು ಅದೊಂದೇ ತಕರಾರು. ಸೊರಬದ ಅಣ್ಣ, ಭಾವನವರ ನಂಬರ್ ಖಾಸಗಿಯಾಗಿ ಕಳಿಸ್ತೀರಾ? ಭಾನುವಾರ ಮಾಸ್ಟರ್ ಜೊತೆ ಹೋಗಿ ಅಂಗಳ ನೋಡಿ ಬರುತ್ತೇವೆ.

ಸೊರಬದವನು, ಮಸ್ಕತ್
ಕಳಿಸಿದೆ. ಕೊಯ್ಲು ಶುರು ಆಗುವ ಮುಂಚೆ ಬಿಟ್ಟುಕೊಡಬೇಕು, ಅದನ್ನು ಮೊದಲೇ ಹೇಳಿಬಿಡಿ. ಭಾವ ಆಮೇಲೆ ಯಾರ ಮಾತೂ ಕೇಳಲ್ಲ.