ವ್ಯಾನಿಗೆ 1000 ವ್ಯಾಟ್ ಇನ್ವರ್ಟರ್: ವೈರ್ ಎಷ್ಟು ದಪ್ಪ ಇರಬೇಕು, ಫ್ಯೂಸ್ ಎಲ್ಲಿ ಹಾಕಬೇಕು?

ಪ್ರಶ್ನೆ

ಗಾಡಿ 12 ವೋಲ್ಟಿನದು, ಬ್ಯಾಟರಿ 70 ಎಎಚ್ (ಆಂಪಿಯರ್-ಅವರ್, ಅಂದರೆ ಆಂಪ್ಸ್ ಗುಣಿಸು ಗಂಟೆ), ಬಾನೆಟ್ ಅಡಿಯಲ್ಲಿದೆ. 1000 ವ್ಯಾಟಿನ ಪ್ಯೂರ್ ಸೈನ್ ವೇವ್ (ಮನೆಯ ಕರೆಂಟಿನಂಥದ್ದೇ ಕೊಡುವ) ಇನ್ವರ್ಟರ್ ಕೂರಿಸಬೇಕು. ಅದರಲ್ಲಿ ಓಡಬೇಕಾದ್ದು ತಲಾ 65 ವ್ಯಾಟಿನ ಎರಡು ಲ್ಯಾಪ್‌ಟಾಪ್, ಆಗಾಗ 500 ವ್ಯಾಟಿನ ಮಿಕ್ಸಿ. ಜಾಗ ಇರುವುದು ಗಾಡಿಯ ಹಿಂಭಾಗದಲ್ಲಿ. ಬ್ಯಾಟರಿಯಿಂದ ಅಲ್ಲಿಗೆ ವೈರಿನ ದಾರಿ 4 ಮೀಟರ್ ಆಗುತ್ತದೆ. 16 ಸ್ಕ್ವೇರ್ ಎಂಎಂ ವೈರ್ ಸಾಕೇ? ಇನ್ವರ್ಟರಿನೊಳಗೇ ಫ್ಯೂಸ್ ಇರುವಾಗ ಹೊರಗೆ ಇನ್ನೊಂದು ಬೇಕೇ? ಮೈನಸ್ ವೈರನ್ನು ಬಾಡಿಗೇ ಬೋಲ್ಟ್ ಮಾಡಬಹುದೇ? ಎಂಜಿನ್ ಆಫ್ ಇದ್ದಾಗ ಎಷ್ಟು ಹೊತ್ತು ಓಡಿಸಬಹುದು?

ಉತ್ತರ 1

ಮೊದಲು ಕರೆಂಟಿನ ಲೆಕ್ಕ ಹಾಕಿ. 1000 ವ್ಯಾಟ್ ಹೊರಗೆ ಕೊಡಬೇಕಾದರೆ, ಒಳಗಿನ ನಷ್ಟವೂ ಸೇರಿ, 12 ವೋಲ್ಟ್ ಕಡೆಯಿಂದ ಹತ್ತಿರಹತ್ತಿರ 100 ಆಂಪ್ಸ್ ಎಳೆಯುತ್ತದೆ. ಅದೇ 1000 ವ್ಯಾಟ್ 230 ವೋಲ್ಟ್ ಕಡೆಯಲ್ಲಿ ಬರೀ 4.3 ಆಂಪ್ಸ್. ಹಾಗಾಗಿ ಉದ್ದ ಮಾಡಬೇಕಾದ್ದು 230 ವೋಲ್ಟಿನ ವೈರನ್ನು, 12 ವೋಲ್ಟಿನದನ್ನಲ್ಲ. ಇನ್ವರ್ಟರನ್ನು ಹಿಂದಕ್ಕೆ ಒಯ್ಯುವ ಬದಲು ಮುಂದಿನ ಸೀಟಿನ ಬೆನ್ನಿಗೆ ತನ್ನಿ, ಅಲ್ಲಿಂದ ಹಿಂದಕ್ಕೆ 1.5 ಸ್ಕ್ವೇರ್ ಎಂಎಂ ಮೂರು ಕೋರ್ ಫ್ಲೆಕ್ಸಿಬಲ್ ವೈರ್ ಎಳೆಯಿರಿ.

16 ಸ್ಕ್ವೇರ್ ಎಂಎಂ ಯಾಕೆ ಸಾಲದು ಅಂದರೆ, ಹೋಗಿಬರುವ ದಾರಿ ಸೇರಿ 8 ಮೀಟರ್ ತಾಮ್ರದಲ್ಲಿ 100 ಆಂಪ್ಸ್ ಹರಿದರೆ 0.9 ವೋಲ್ಟ್ ವೈರಿನಲ್ಲೇ ಕಳೆದುಹೋಗುತ್ತದೆ. ಲೋಡಿನಲ್ಲಿ ಬ್ಯಾಟರಿಯೇ 11.6ಕ್ಕೆ ಇಳಿದಿದ್ದರೆ ಇನ್ವರ್ಟರಿಗೆ ಸಿಗುವುದು 10.7. ಹೆಚ್ಚಿನ ಇನ್ವರ್ಟರುಗಳು 10.5ರ ಆಸುಪಾಸಿನಲ್ಲಿ ಕೂಗಲು ಶುರುಮಾಡುತ್ತವೆ. 4 ಮೀಟರ್ ಬಿಡಲೇಬೇಕೆಂದರೆ 35 ಸ್ಕ್ವೇರ್ ಎಂಎಂ ಹಾಕಿ, ನಷ್ಟ 0.4 ವೋಲ್ಟಿಗೆ ಇಳಿಯುತ್ತದೆ. ಒಂದೂವರೆ ಮೀಟರ್ ಒಳಗೆ ಮುಗಿಸಿದರೆ 25 ಸಾಕು, ನಷ್ಟ ಬರೀ 0.2. ತಾಮ್ರದ ಲೇಪನ ಇರುವ ಅಲ್ಯೂಮಿನಿಯಂ ವೈರ್ ಬೇಡವೇ ಬೇಡ. ನೋಡಲು ಅಷ್ಟೇ ದಪ್ಪ ಇದ್ದರೂ ರೆಸಿಸ್ಟೆನ್ಸ್ ಜಾಸ್ತಿ, ಲಗ್ (ವೈರಿನ ತುದಿಗೆ ಹಾಕುವ, ಬೋಲ್ಟಿಗೆ ತೂತಿರುವ ಲೋಹದ ತುಂಡು) ಒಳಗೆ ಕಾಲಕ್ರಮೇಣ ಸಡಿಲವಾಗುತ್ತದೆ.

ಫ್ಯೂಸ್ ಹೊರಗೆ ಬೇಕೇ ಬೇಕು. ಇನ್ವರ್ಟರಿನೊಳಗಿನ ಫ್ಯೂಸ್ ಇನ್ವರ್ಟರಿಗಾಗಿ ಇರುವುದು. ಬ್ಯಾಟರಿಯಿಂದ ಇನ್ವರ್ಟರ್‌ವರೆಗಿನ ವೈರ್ ದಾರಿಯಲ್ಲಿ ಎಲ್ಲೋ ಸವೆದು ಬಾಡಿಗೆ ತಾಗಿದರೆ ಆ ಫ್ಯೂಸಿಗೆ ವಿಷಯವೇ ಗೊತ್ತಾಗುವುದಿಲ್ಲ. ಬ್ಯಾಟರಿ ನೂರಾರು ಆಂಪ್ಸ್ ಸುರಿಯುತ್ತದೆ, ಇನ್ಸುಲೇಶನ್ ಹೊತ್ತಿಕೊಳ್ಳುತ್ತದೆ. ಪ್ಲಸ್ ಟರ್ಮಿನಲ್‌ನಿಂದ 15-20 ಸೆಂಟಿಮೀಟರ್ ಒಳಗೆ, ಬೋಲ್ಟ್ ಮಾಡುವ ಮಾದರಿಯ 125 ಆಂಪ್ಸ್ ಫ್ಯೂಸ್ ಹಾಕಿ. ಎಂಜಿನ್ ಗೋಡೆಯ ತೂತಿನಲ್ಲಿ ರಬ್ಬರ್ ಗ್ರೊಮೆಟ್ (ತೂತಿನ ಅಂಚು ವೈರನ್ನು ಕೊರೆಯದಂತೆ ಹಾಕುವ ಬಳೆ) ಇಲ್ಲದೆ ವೈರ್ ತೂರಿಸಬೇಡಿ.

ಲಗ್ಗುಗಳನ್ನು ಹೈಡ್ರಾಲಿಕ್ ಕ್ರಿಂಪರಿನಲ್ಲಿ (ಲಗ್ಗನ್ನು ವೈರಿನ ಮೇಲೆ ಬಲವಾಗಿ ಅದುಮುವ ಉಪಕರಣ) ಒತ್ತಿಸಿ. ಸುತ್ತಿಗೆಯಿಂದ ಜಜ್ಜಿದ ಲಗ್ ಬಿಗಿಯಾದಂತೆ ಕಾಣುತ್ತದೆ, ಒಳಗೆ ಎಳೆಗಳ ನಡುವೆ ಗಾಳಿ ಉಳಿದಿರುತ್ತದೆ. ಬರೀ ಸೋಲ್ಡರ್ ಮಾಡಿದರೆ ಸೀಸ ವೈರಿನೊಳಕ್ಕೆ ಹೀರಿಕೊಂಡು ಆ ಜಾಗ ಕಡ್ಡಿಯಂತೆ ಗಟ್ಟಿಯಾಗುತ್ತದೆ, ಗಾಡಿಯ ಅದುರಿಗೆ ಅಲ್ಲೇ ಮುರಿಯುತ್ತದೆ.

ಉತ್ತರ 2

ಮೈನಸ್ ವಿಚಾರ. ಬ್ಯಾಟರಿಯ ಮೈನಸ್ ಕ್ಲಾಂಪಿನ ಮೇಲೆ ಚಿಕ್ಕ ಪ್ಲಾಸ್ಟಿಕ್ ಡಬ್ಬಿ, ಅದಕ್ಕೆ ತೆಳುವಾದ ವೈರ್ ಇದೆಯೇ ನೋಡಿ. ಇದ್ದರೆ ಅದು ಬ್ಯಾಟರಿ ಸೆನ್ಸರ್. ಇನ್ವರ್ಟರ್ ಮೈನಸ್ಸನ್ನು ನೇರ ಟರ್ಮಿನಲ್‌ಗೆ ಕೊಟ್ಟರೆ ಆ ಕರೆಂಟ್ ಸೆನ್ಸರಿನ ಲೆಕ್ಕಕ್ಕೆ ಬರುವುದಿಲ್ಲ, ಗಾಡಿಯ ಕಂಪ್ಯೂಟರ್ ಬ್ಯಾಟರಿ ತುಂಬಿದೆ ಎಂದುಕೊಂಡು ಚಾರ್ಜಿಂಗ್ ಕಡಿಮೆ ಮಾಡುತ್ತದೆ. ಅಂಥ ಗಾಡಿಯಲ್ಲಿ ಬ್ಯಾಟರಿಯ ಅರ್ತ್ ವೈರ್ ಬಾಡಿಗೆ ಸೇರುವ ಬೋಲ್ಟಿನ ಬಳಿ ಜೋಡಿಸಿ. ಬಣ್ಣ ಪೂರ್ತಿ ಉಜ್ಜಿ, ಲೋಹ ಹೊಳೆಯುವವರೆಗೆ. ಸೆನ್ಸರ್ ಇಲ್ಲದಿದ್ದರೆ ಪ್ಲಸ್ಸಿನಷ್ಟೇ ದಪ್ಪದ ಮೈನಸ್ ವೈರನ್ನು ಬ್ಯಾಟರಿಗೇ ತನ್ನಿ.

230 ವೋಲ್ಟ್ ಕಡೆ ಒಂದು ಎಚ್ಚರಿಕೆ: ಔಟ್‌ಪುಟ್‌ನ ಎರಡು ವೈರುಗಳಲ್ಲಿ ಒಂದನ್ನು ನ್ಯೂಟ್ರಲ್ ಎಂದುಕೊಂಡು ಬಾಡಿಗೆ ಜೋಡಿಸಬೇಡಿ. ಎಷ್ಟೋ ಮಾದರಿಗಳಲ್ಲಿ ಎರಡರಲ್ಲೂ ವೋಲ್ಟೇಜ್ ಇರುತ್ತದೆ, ತಾಗಿಸಿದ ಕೂಡಲೇ ಸುಟ್ಟುಹೋಗುತ್ತದೆ. ಇನ್ವರ್ಟರ್ ಪೆಟ್ಟಿಗೆಯ ಅರ್ತ್ ಸ್ಕ್ರೂ ಮಾತ್ರ ಬಾಡಿಗೆ ಬರಬೇಕು.

ಉತ್ತರ 3

ಎಂಜಿನ್ ಆಫ್ ಇದ್ದಾಗ ಎರಡು ಲ್ಯಾಪ್‌ಟಾಪ್ ಸೇರಿ 12 ಆಂಪ್ಸ್ ಚಿಲ್ಲರೆ ಎಳೆಯುತ್ತವೆ. ಒಂದೂವರೆ ಗಂಟೆಗೆ 18-19 ಎಎಚ್, ಅಂದರೆ ಬ್ಯಾಟರಿಯ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ. ಸೆಲ್ಫ್ ಹೊಡೆಯಲೆಂದು ಮಾಡಿದ ಬ್ಯಾಟರಿಯನ್ನು ಅದಕ್ಕಿಂತ ಕೆಳಗೆ ಇಳಿಸಬೇಡಿ, ಪ್ಲೇಟುಗಳು ಬೇಗ ಹಾಳಾಗುತ್ತವೆ. ಇನ್ವರ್ಟರ್ ತಾನೇ ಆಫ್ ಆಗುತ್ತದಲ್ಲ ಎಂದು ನಂಬಿ ಕೂರಬಾರದು. ಅದು ಆಫ್ ಆಗುವ ಹೊತ್ತಿಗೆ ಬ್ಯಾಟರಿ ಬಹುತೇಕ ಖಾಲಿಯಾಗಿರುತ್ತದೆ, ಗಾಡಿ ಸ್ಟಾರ್ಟ್ ಆಗುವುದಿಲ್ಲ. 12 ವೋಲ್ಟಿಗೆ ಕಟ್ ಮಾಡುವ ಪ್ರತ್ಯೇಕ ಲೋ ವೋಲ್ಟೇಜ್ ಡಿಸ್‌ಕನೆಕ್ಟ್ ಹಾಕಿದರೆ ನೆಮ್ಮದಿ; ಅದೂ 100 ಆಂಪ್ಸ್ ತಡೆಯುವಂಥದ್ದೇ ಇರಬೇಕು. ದಿನವೂ ಗಂಟೆಗಟ್ಟಲೆ ಬೇಕಿದ್ದರೆ ಎರಡನೇ ಬ್ಯಾಟರಿಯೇ ಸರಿ.

ಮಿಕ್ಸಿಯನ್ನು ಎಂಜಿನ್ ಓಡುತ್ತಿರುವಾಗಲೇ, 1ನೇ ಸ್ಪೀಡಿನಲ್ಲಿ ಶುರುಮಾಡಿ. ಮೋಟಾರ್ ಹೊರಡುವಾಗ ಕ್ಷಣಕಾಲ ಎರಡು ಮೂರು ಪಟ್ಟು ಎಳೆಯುತ್ತದೆ.

ಲ್ಯಾಪ್‌ಟಾಪುಗಳು ಯುಎಸ್‌ಬಿ-ಸಿ ಚಾರ್ಜಿಂಗ್ ತೆಗೆದುಕೊಳ್ಳುವುದಾದರೆ ಅವುಗಳಿಗೆ ಇನ್ವರ್ಟರೇ ಬೇಡ. 12 ವೋಲ್ಟನ್ನು 230ಕ್ಕೆ ಏರಿಸಿ ಮತ್ತೆ 20ಕ್ಕೆ ಇಳಿಸುವುದು ಸುಮ್ಮನೆ ದಂಡ. 65 ವ್ಯಾಟಿನ ಕಾರ್ ಚಾರ್ಜರ್ ಸಾಕೆಟ್‌ನಿಂದ 6 ಆಂಪ್ಸ್ ಅಷ್ಟೇ ತೆಗೆದುಕೊಳ್ಳುತ್ತದೆ.

ಪ್ರಶ್ನೆ ಕೇಳಿದವರು

ತುಂಬಾ ಉಪಯೋಗವಾಯಿತು. ಬ್ಯಾಟರಿಗೆ ಜೋಡಿಸುವಾಗ ದೊಡ್ಡ ಕಿಡಿ ಬರುತ್ತದೆ ಎನ್ನುತ್ತಾರೆ, ಅದಕ್ಕೇನು ಮಾಡುವುದು? ಕೂರಿಸಿದ ಮೇಲೆ ಎಲ್ಲಾ ಸರಿ ಇದೆ ಅಂತ ಖಚಿತ ಮಾಡಿಕೊಳ್ಳುವುದು ಹೇಗೆ?

ಉತ್ತರ 1

ಇನ್ವರ್ಟರಿನೊಳಗಿನ ದೊಡ್ಡ ಕೆಪಾಸಿಟರ್‌ಗಳು (ಕ್ಷಣದಲ್ಲಿ ಕರೆಂಟ್ ತುಂಬಿಕೊಳ್ಳುವ ಭಾಗಗಳು) ಖಾಲಿ ಇರುವುದರಿಂದ ಒಮ್ಮೆಲೇ ಕರೆಂಟ್ ನುಗ್ಗುತ್ತದೆ, ಕಿಡಿ ಅದರದ್ದು. ಕೆಲಸಕ್ಕೆ ಮುಂಚೆ ಬ್ಯಾಟರಿ ಮೈನಸ್ ಕಳಚಿಡಿ. ಎಲ್ಲಾ ವೈರ್ ಜೋಡಿಸಿ, ಫ್ಯೂಸ್ ಮಾತ್ರ ಹಾಕದೆ ಬಿಡಿ, ಇನ್ವರ್ಟರ್ ಸ್ವಿಚ್ ಆಫ್ ಇರಲಿ. ಪ್ಲಸ್ ಮೈನಸ್ ಅದಲುಬದಲಾಗಿಲ್ಲ ಎಂದು ಇನ್ನೊಮ್ಮೆ ನೋಡಿ ಬ್ಯಾಟರಿ ಮೈನಸ್ ಹಾಕಿ. ಈಗ ಫ್ಯೂಸ್ ಹೋಲ್ಡರಿನ ಎರಡು ಬೋಲ್ಟುಗಳ ನಡುವೆ 12 ವೋಲ್ಟಿನ 21 ವ್ಯಾಟ್ ಇಂಡಿಕೇಟರ್ ಬಲ್ಬ್ ಹಿಡಿಯಿರಿ, ಎಲ್‌ಇಡಿ ಅಲ್ಲ, ತಂತಿ ಇರುವ ಬಲ್ಬ್. ಅದು ಹೊತ್ತಿ ಮಂದವಾಗಿ ಆರಬೇಕು. ಆರಿದ ಕೂಡಲೇ ಬಲ್ಬ್ ತೆಗೆದು ಫ್ಯೂಸ್ ಬಿಗಿ ಮಾಡಿ. ಬಲ್ಬ್ ಉರಿಯುತ್ತಲೇ ಇದ್ದರೆ ಫ್ಯೂಸ್ ಹಾಕಬೇಡಿ: ಎಲ್ಲೋ ಶಾರ್ಟ್ ಇದೆ ಅಥವಾ ವೈರ್ ತಿರುಗುಮುರುಗಾಗಿದೆ.

ಪರೀಕ್ಷೆಗೆ ಮಲ್ಟಿಮೀಟರ್ ಸಾಕು. ಮಿಕ್ಸಿ ಓಡುತ್ತಿರುವಾಗ ಒಂದು ಮೊನೆಯನ್ನು ಬ್ಯಾಟರಿಯ ಪ್ಲಸ್ ಟರ್ಮಿನಲ್‌ನ ಸೀಸದ ಕಂಬದ ಮೇಲೆ, ಇನ್ನೊಂದನ್ನು ಇನ್ವರ್ಟರ್ ಪ್ಲಸ್ ಬೋಲ್ಟಿನ ಮೇಲೆ ಇಡಿ (ಮೀಟರಿನ ವೈರ್ ಸಾಲದಿದ್ದರೆ ಯಾವುದಾದರೂ ತೆಳು ವೈರ್ ಸೇರಿಸಿ). ಒಂದೂವರೆ ಮೀಟರ್ 25 ಸ್ಕ್ವೇರ್ ಎಂಎಂ ವೈರಿಗೆ 0.1 ವೋಲ್ಟಿನ ಆಸುಪಾಸು ಬರಬೇಕು. ಮೈನಸ್ ಕಡೆಯೂ ಹೀಗೇ ನೋಡಿ. ಜಾಸ್ತಿ ಬಂದರೆ ಒಂದೊಂದು ಜೋಡಣೆಯ ಆಚೀಚೆ ಅಳೆಯಿರಿ: ಕ್ಲಾಂಪ್, ಫ್ಯೂಸ್ ಹೋಲ್ಡರ್, ಲಗ್, ಬಾಡಿ ಬೋಲ್ಟ್. ಒಂದೇ ಜಾಗದಲ್ಲಿ 0.1ಕ್ಕಿಂತ ಹೆಚ್ಚು ತೋರಿಸಿದರೆ ತೊಂದರೆ ಅಲ್ಲೇ, ಲೋಡ್ ಹೆಚ್ಚಿದಷ್ಟೂ ಆ ಜೋಡಣೆ ಬಿಸಿಯಾಗುತ್ತದೆ.

ಉತ್ತರ 2

ಸೀಟಿನ ಅಡಿಯಲ್ಲಿ ಕೂರಿಸುವ ಯೋಚನೆ ಇದ್ದರೆ ಹಳದಿ ಕನೆಕ್ಟರ್ ಹುಡುಕಿ. ಅದು ಸಾಮಾನ್ಯವಾಗಿ ಏರ್‌ಬ್ಯಾಗಿನ ವೈರ್. ಅದರ ಹತ್ತಿರ ಡ್ರಿಲ್ ಇಡಬೇಡಿ, ಕಳಚಲೂ ಬೇಡಿ. ಫ್ಯಾನ್ ಇರುವ ಕಡೆ 5 ಸೆಂಟಿಮೀಟರಾದರೂ ಖಾಲಿ ಬಿಡಿ. ಲೋಡ್ ಇಲ್ಲದೆಯೂ ಇನ್ವರ್ಟರ್ ಅರ್ಧದಿಂದ ಒಂದು ಆಂಪ್ಸ್ ಕುಡಿಯುತ್ತಿರುತ್ತದೆ, ರಾತ್ರಿ ಆಫ್ ಮಾಡಲು ಮರೆಯದಂತೆ ರಿಮೋಟ್ ಸ್ವಿಚ್ಚನ್ನು ಡ್ಯಾಶ್‌ಬೋರ್ಡಿನಲ್ಲಿ ಕಾಣುವ ಜಾಗಕ್ಕೆ ತನ್ನಿ.