ಬಿಯುಎನ್ 24.3, ಮುಂದಿನ ವಾರ ಬ್ಲಡ್ ಯೂರಿಯಾ 52: ದುಪ್ಪಟ್ಟಾಯಿತೇ?

ಪ್ರಶ್ನೆ

68 ವರ್ಷದ ಮಹಿಳೆಯ ಎರಡು ರಿಪೋರ್ಟ್ ಇವೆ, ಎರಡು ಬೇರೆ ಲ್ಯಾಬಿನವು, ನಡುವೆ ಒಂದು ವಾರ. ಮೊದಲನೆಯದರಲ್ಲಿ ಬಿಯುಎನ್ (ಬ್ಲಡ್ ಯೂರಿಯಾ ನೈಟ್ರೋಜನ್) 24.3. ಎರಡನೆಯದರಲ್ಲಿ ಬ್ಲಡ್ ಯೂರಿಯಾ 52. ಕ್ರಿಯಾಟಿನಿನ್ (ಯೂರಿಯಾದಂತೆ ಕಿಡ್ನಿ ಸೋಸಿ ಹೊರಹಾಕುವ ಇನ್ನೊಂದು ಕಸ) ಎರಡರಲ್ಲೂ 1.0. ಎಲ್ಲವೂ ಎಂಜಿ/ಡಿಎಲ್. ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ನಡೆಯುತ್ತಿದೆ, ಹತ್ತು ದಿನದಿಂದ ಆಗಾಗ ಭೇದಿ. ಯೂರಿಯಾವನ್ನು ಕ್ರಿಯಾಟಿನಿನ್‌ನಿಂದ ಭಾಗಿಸಿ ನೋಡಬೇಕು ಅಂತಾರಲ್ಲ, ಅದಕ್ಕೆ ಯಾವ ಅಂಕಿ ಹಾಕಬೇಕು?

ಉತ್ತರ 1

ಏನೂ ಏರಿಲ್ಲ, ಎರಡೂ ಒಂದೇ. ಯೂರಿಯಾದ ಅಣುತೂಕ 60, ಅದರೊಳಗಿನ ನೈಟ್ರೋಜನ್ 28. ಬಿಯುಎನ್ ಅಂದರೆ ಆ ನೈಟ್ರೋಜನ್ ಪಾಲು ಮಾತ್ರ. 60ನ್ನು 28ರಿಂದ ಭಾಗಿಸಿದರೆ 2.14, 24.3ನ್ನು ಅದರಿಂದ ಗುಣಿಸಿ, 52 ಬರುತ್ತದೆ. ಸಾಮಾನ್ಯ ಮಟ್ಟವೂ ಹಾಗೆಯೇ ಬೇರೆ: ಬಿಯುಎನ್ ಸುಮಾರು 7ರಿಂದ 20, ಯೂರಿಯಾ ಸುಮಾರು 15ರಿಂದ 43. ರಿಪೋರ್ಟಿನಲ್ಲಿ ಮಿಲಿಮೋಲ್/ಲೀಟರ್ ಇದ್ದರೆ 2.8ರಿಂದ ಗುಣಿಸಿ, ಬಿಯುಎನ್ ಸಿಗುತ್ತದೆ.

ಅನುಪಾತಕ್ಕೆ ಹಾಕಬೇಕಾದ್ದು ಬಿಯುಎನ್, ಇಲ್ಲಿ 24.3. ರೂಢಿಯಲ್ಲಿರುವ 10ರಿಂದ 20 ಎಂಬ ಮಿತಿ ಬಿಯುಎನ್‌ಗೆ ಕಟ್ಟಿದ್ದು. ಯೂರಿಯಾ ಹಾಕಿದರೆ 52 ಬಂದು ಇಲ್ಲದ ಭಯ ಹುಟ್ಟುತ್ತದೆ. ಈ ತಪ್ಪು ಬಹಳ ಸಾಮಾನ್ಯ.

ಉತ್ತರ 2

ಅನುಪಾತ 24 ಅಂದರೂ 20 ದಾಟಿದೆ, ಕಾರಣ ನೋಡಲೇಬೇಕು. ಕಿಡ್ನಿ ಸೋಸಿದ ಯೂರಿಯಾದಲ್ಲಿ ಸುಮಾರು ಅರ್ಧ ನೀರಿನ ಜೊತೆ ಮತ್ತೆ ರಕ್ತಕ್ಕೆ ಮರಳುತ್ತದೆ. ಮೈಯಲ್ಲಿ ನೀರು ಕಡಿಮೆಯಾದರೆ ಕಿಡ್ನಿ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಯೂರಿಯಾವೂ ಅದರ ಬೆನ್ನಿಗೇ ವಾಪಸಾಗುತ್ತದೆ. ಕ್ರಿಯಾಟಿನಿನ್ ಹಾಗೆ ಮರಳುವುದಿಲ್ಲ. ಅದಕ್ಕೇ ಒಂದು ಏರಿ ಇನ್ನೊಂದು ಇದ್ದಲ್ಲೇ ಇರುತ್ತದೆ. ಭೇದಿ, ಮೇಲೆ ಮೂತ್ರದ ಮಾತ್ರೆ: ಈ ಚಿತ್ರಕ್ಕೆ ಚೆನ್ನಾಗಿ ಹೊಂದುತ್ತದೆ.

ಆದರೆ ಮಲ ಡಾಂಬರಿನಂತೆ ಕಪ್ಪಾಗಿ, ಅಂಟಂಟಾಗಿ ಇದೆಯೇ ಎಂದು ತಪ್ಪದೆ ಕೇಳಿ. ಹೊಟ್ಟೆಯಲ್ಲಿ ರಕ್ತ ಸೋರಿದರೆ ಆ ರಕ್ತದ ಪ್ರೋಟೀನೇ ಜೀರ್ಣವಾಗಿ ಯಕೃತ್ತಿನಲ್ಲಿ ಯೂರಿಯಾ ಆಗುತ್ತದೆ. ಹಾಗಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಸ್ಟಿರಾಯ್ಡ್ ಮಾತ್ರೆಯೂ ಯೂರಿಯಾ ಏರಿಸುತ್ತದೆ.

"ನೀರು ಜಾಸ್ತಿ ಕುಡಿಯಿರಿ" ಎಂದು ಎಲ್ಲರಿಗೂ ಹೇಳುವುದು ಅಪಾಯ. ಹೃದಯ ಸೋತಾಗಲೂ ಕಿಡ್ನಿಗೆ ರಕ್ತ ಸಾಲದೆ ಇದೇ ಅನುಪಾತ ಬರುತ್ತದೆ; ಅಲ್ಲಿ ನೀರು ಕಾಲಿಗೂ ಶ್ವಾಸಕೋಶಕ್ಕೂ ಇಳಿಯುತ್ತದೆ. ಕಾಲು ಊದಿದ್ದರೆ, ಮಲಗಿದಾಗ ಉಸಿರು ಕಟ್ಟಿದರೆ ಮೊದಲು ವೈದ್ಯರನ್ನು ಕಾಣಲಿ. ಭೇದಿ ನಿಲ್ಲುವವರೆಗೆ ಮೂತ್ರದ ಮಾತ್ರೆ ಬೇಕೇ ಎಂಬುದನ್ನೂ ಅವರೇ ಹೇಳಬೇಕು. ಐಬುಪ್ರೊಫೆನ್, ಡೈಕ್ಲೊಫೆನಾಕ್ ತರಹದ ನೋವಿನ ಮಾತ್ರೆ ಮಾತ್ರ ಈಗ ಬೇಡವೇ ಬೇಡ.

ಉತ್ತರ 3

ಕ್ರಿಯಾಟಿನಿನ್ 1.0 ಎಂದು ನಿರಾಳವಾಗಬೇಡಿ. ಅದು ಸ್ನಾಯುವಿನಿಂದ ಹುಟ್ಟುವುದು. ವಯಸ್ಸಾಗಿ ಸ್ನಾಯು ಕರಗಿದವರಲ್ಲಿ ಕಡಿಮೆಯೇ ಕಾಣುತ್ತದೆ, ಅನುಪಾತವೂ ಅದರಿಂದಲೇ ಹಿಗ್ಗಬಹುದು. ಸಿಕೆಡಿ-ಎಪಿ 2021 ಸೂತ್ರದಲ್ಲಿ 1.0 ಇರುವ 68ರ ಗಂಡಸಿಗೆ ಇಜಿಎಫ್‌ಆರ್ (ಕಿಡ್ನಿ ಎಷ್ಟು ಸೋಸುತ್ತದೆ ಎಂಬ ಅಂದಾಜು) ಸುಮಾರು 82, ಅದೇ ವಯಸ್ಸಿನ ಹೆಂಗಸಿಗೆ ಸುಮಾರು 61. ಒಂದೇ ಅಂಕಿ, ಎಷ್ಟು ಅಂತರ ನೋಡಿ.

ಅನುಪಾತ 15 ಬಂತೆಂದು ಕಿಡ್ನಿ ಚೆನ್ನಾಗಿದೆ ಎಂದೂ ಅಲ್ಲ. ಬಿಯುಎನ್ 60, ಕ್ರಿಯಾಟಿನಿನ್ 4 ಇದ್ದರೂ ಅದೇ 15 ಬರುತ್ತದೆ. ಮೂತ್ರದ ಅಲ್ಬುಮಿನ್-ಕ್ರಿಯಾಟಿನಿನ್ ಪರೀಕ್ಷೆ (ಮೂತ್ರದಲ್ಲಿ ಪ್ರೋಟೀನ್ ಸೋರುತ್ತಿದೆಯೇ ಎಂದು ನೋಡುವುದು) ಮಾಡಿಸಿ, 30 ಮಿಗ್ರಾಂ/ಗ್ರಾಂಗಿಂತ ಕಡಿಮೆ ಇರಬೇಕು. ದೀರ್ಘಕಾಲದ ಕಿಡ್ನಿ ಕಾಯಿಲೆ ಎನ್ನಲು ತೊಂದರೆ ಕನಿಷ್ಠ 3 ತಿಂಗಳು ಉಳಿದಿರಬೇಕು.

ಉತ್ತರ 4

ಲ್ಯಾಬ್ ಕಡೆಯ ಮಾತು. ಸಕ್ಕರೆ ಪರೀಕ್ಷೆಯ ಬೂದು ಮುಚ್ಚಳದ ಟ್ಯೂಬಿನಲ್ಲಿ ಫ್ಲೋರೈಡ್ ಇರುತ್ತದೆ. ಯೂರಿಯಾ ಅಳೆಯಲು ಬಳಸುವ ಯೂರಿಯೇಸ್ ಕಿಣ್ವವನ್ನು ಅದು ತಡೆಯುತ್ತದೆ, ಅಂಕಿ ಸುಳ್ಳಾಗಿ ಕಡಿಮೆ ಬರುತ್ತದೆ. ಅಮೋನಿಯಂ ಹೆಪಾರಿನ್ ಟ್ಯೂಬಿನಲ್ಲಾದರೆ ಸುಳ್ಳಾಗಿ ಹೆಚ್ಚು. ಡ್ರಿಪ್ ಹರಿಯುತ್ತಿರುವ ಕೈಯಿಂದ ರಕ್ತ ತೆಗೆದರೂ ತೆಳುವಾಗಿ ಯೂರಿಯಾ, ಕ್ರಿಯಾಟಿನಿನ್ ಅಂಕಿ ಇಳಿಯುತ್ತವೆ.

ಭೇದಿ ನಿಂತು, ಊಟ ನೀರು ಸರಿಹೋದ ಮೇಲೆ ಒಂದೇ ಲ್ಯಾಬಿನಲ್ಲಿ ಯೂರಿಯಾ, ಕ್ರಿಯಾಟಿನಿನ್, ಸೋಡಿಯಂ, ಪೊಟ್ಯಾಷಿಯಂ ಒಟ್ಟಿಗೆ ಮಾಡಿಸಿ. ಅಷ್ಟರೊಳಗೆ ಮೂತ್ರ ತೀರಾ ಕಡಿಮೆಯಾದರೆ ಅಥವಾ ಮಂಪರು ಕವಿದರೆ ಕಾಯಬೇಡಿ.